ಶಸ್ತ್ರಕ್ಕಿಂತ ಮೊದಲು ನೋಡುವ ಕಣ್ಣು



ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ, 'ಆಪರೇಷನ್ ಮಾಡುವವರು ಯಾರು?' ಎಂಬುದು. ಸ್ಕ್ಯಾನ್ ಓದಿದವರು ಯಾರೆಂದು ಕೇಳುವವರು ವಿರಳ. ಚಿತ್ರಗಳನ್ನು ಓದಿ ರೋಗದ ನೆಲೆಯನ್ನು ತಿಳಿಸುವ ವೈದ್ಯರೇ ರೇಡಿಯಾಲಜಿಸ್ಟ್. ವಿಕಿರಣ ಚಿಕಿತ್ಸೆ ನೀಡುವವರು ಬೇರೆ, ಇವರು ಬೇರೆ. ಇವರಿಗೆ ಕ್ಯಾನ್ಸರ್ ವೈದ್ಯತಂಡದಲ್ಲಿ ಸ್ಥಾನ ದೊರೆತ ಬಗೆಯನ್ನು ಮೇಷ್ಟರ ಅಭ್ಯಾಸಬಲದಿಂದ ಇಸವಿಗಳೊಡನೆ ಹೇಳುತ್ತೇನೆ.

1895ರಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಸಂಗತಿ ನಿಮಗೆಲ್ಲ ತಿಳಿದದ್ದೇ. ಆದರೆ ನನ್ನ ಕಥೆ ನಡೆಯುವುದು ಇಂಗ್ಲೆಂಡಿನಲ್ಲಿ. ವಿಷಯ, ದೊಡ್ಡ ಕರುಳಿನ ಕೊನೆಯ ಭಾಗವಾದ ಮಲಾಶಯದ ಕ್ಯಾನ್ಸರ್. ಗಡ್ಡೆಯನ್ನು ತೆಗೆದ ಮೇಲೂ ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಈ ಕಾಯಿಲೆಯ ದೊಡ್ಡ ಪೀಡೆಯಾಗಿತ್ತು. 1982ರಲ್ಲಿ ಬೇಸಿಂಗ್‌ಸ್ಟೋಕ್‌ನ ಶಸ್ತ್ರವೈದ್ಯ ಬಿಲ್ ಹೀಲ್ಡ್, ಮಲಾಶಯವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯೊಡನೆ ಇಡಿಯಾಗಿ ಬಿಡಿಸಿ ತೆಗೆಯಬೇಕೆಂದು ಪ್ರತಿಪಾದಿಸಿದರು. 1986ರಲ್ಲಿ ಲೀಡ್ಸ್‌ನ ರೋಗಶಾಸ್ತ್ರಜ್ಞ ಫಿಲಿಪ್ ಕ್ವರ್ಕ್ ಮತ್ತು ಸಂಗಡಿಗರು, ತೆಗೆದ ಭಾಗಗಳನ್ನು ಅಡ್ಡಲಾಗಿ ಸೀಳಿ ಪರೀಕ್ಷಿಸಿ, ಗಡ್ಡೆ ಕೊಯ್ದ ಅಂಚನ್ನು ಮುಟ್ಟಿದ್ದರೆ ರೋಗ ಮರಳುವ ಸಂಭವ ಹೆಚ್ಚೆಂದು ತೋರಿಸಿದರು. ಅಮೂಲ್ಯವಾದ ಅರಿವು, ಆದರೆ ಅದು ದೊರೆಯುತ್ತಿದ್ದದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ!

ಅದೇ ಅಂಚನ್ನು ಮೊದಲೇ ಕಾಣುವುದು ಹೇಗೆ? ರೇಡಿಯಾಲಜಿಸ್ಟ್ ಜೀನಾ ಬ್ರೌನ್ ಮತ್ತು ಸಹೋದ್ಯೋಗಿಗಳು ತೆಳು ಪದರಗಳ ಎಂ.ಆರ್.ಐ. ಚಿತ್ರಗಳಲ್ಲಿ ಗಡ್ಡೆಗೂ ಆ ಹೊದಿಕೆಗೂ ನಡುವಣ ಅಂತರವನ್ನು ಅಳೆದರು. ಅಂಚಿಗೆ ಅಪಾಯವಿದ್ದರೆ ಮೊದಲು ವಿಕಿರಣ ಮತ್ತು ಔಷಧಿಗಳಿಂದ ಗಡ್ಡೆಯನ್ನು ಕುಗ್ಗಿಸಬಹುದು. ಇಲ್ಲದಿದ್ದರೆ ಅನೇಕರಿಗೆ ವಿಕಿರಣದ ಕಷ್ಟವನ್ನೇ ತಪ್ಪಿಸಬಹುದು. ಯುರೋಪಿನ 408 ರೋಗಿಗಳ ಅಧ್ಯಯನವೊಂದು 2006ರಲ್ಲಿ ಈ ನೋಟವನ್ನು ಬಹುಮಟ್ಟಿಗೆ ನಂಬಬಹುದೆಂದು ದೃಢಪಡಿಸಿತು.

ಆದರೆ ಒಬ್ಬರು ಕಂಡದ್ದನ್ನು ಉಳಿದವರು ಕೇಳಬೇಕಲ್ಲವೇ? 1995ರ ಕಾಲ್ಮನ್-ಹೈನ್ ವರದಿಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಬಹುಶಾಖಾ ತಂಡಗಳ ಮೂಲಕ ನಡೆಯಬೇಕೆಂದು ಶಿಫಾರಸು ಮಾಡಿತ್ತು. ಅದರ ಫಲವನ್ನು 2006ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನೋಡಿ. ಎಂ.ಆರ್.ಐ. ಚಿತ್ರದ ಬಗ್ಗೆ ತಂಡದ ಚರ್ಚೆಯಿಲ್ಲದೆ ನೇರವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ 62 ಮಂದಿಯಲ್ಲಿ 16 ಜನರ ಕೊಯ್ದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿತ್ತು. ಚರ್ಚಿಸಿದ ನಂತರ ಶಸ್ತ್ರಚಿಕಿತ್ಸೆಯಾದ 116 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಇದು ಚೀಟಿ ಎತ್ತಿ ರೋಗಿಗಳನ್ನು ವಿಂಗಡಿಸಿದ ಪ್ರಯೋಗವಲ್ಲ, ಆದ್ದರಿಂದ ಶ್ರೇಯಸ್ಸೆಲ್ಲ ಚರ್ಚೆಗೇ ಸಲ್ಲಬೇಕೆಂದು ನಾನು ವಾದಿಸಲಾರೆ. ಆದರೂ ಈ ಅಂತರವನ್ನು ಕಡೆಗಣಿಸುವಂತಿಲ್ಲ.

ಬರೆದ ವರದಿ ಕಡತದಲ್ಲಿ ಮೌನವಾಗಿ ಮಲಗಬಹುದು. ಅದನ್ನು ಬರೆದವರು ಎದುರಿಗೆ ಕುಳಿತಾಗ, 'ಇಲ್ಲಿ ಖಚಿತವೇ? ಇದು ಗಡ್ಡೆಯೋ, ಹಳೆಯ ಗಾಯದ ಕಲೆಯೋ?' ಎಂದು ಕೇಳಲು ಸಾಧ್ಯ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿಯೂ 'ಟ್ಯೂಮರ್ ಬೋರ್ಡ್' ಎಂಬ ಹೆಸರಿನಲ್ಲಿ ಇಂಥ ಸಭೆಗಳು ನಡೆಯುತ್ತವೆ. ಅಂಥ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ, ಹಳೆಯ ಸ್ಕ್ಯಾನ್‌ಗಳನ್ನೆಲ್ಲ ಜೊತೆಯಲ್ಲಿ ಒಯ್ದು, 'ಇವನ್ನು ಎಲ್ಲರೂ ಕೂಡಿ ನೋಡಿದ್ದೀರಾ?' ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಿಧೇಯತೆಯಲ್ಲ, ತರಗತಿಯಲ್ಲಿ ನಾನು ನಿಮಗೆ ಹೇಳಿಕೊಟ್ಟದ್ದೂ ಅದನ್ನೇ.