ಅನ್ನದ ಜಾಗಕ್ಕೆ ಬಂದದ್ದೇನು?

ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ದೆಹಲಿಯ ಕನ್ನಡ ಮನೆಗಳಲ್ಲಿ ಮೊದಲು ಆಗುವ ಬದಲಾವಣೆ ಸಾಮಾನ್ಯವಾಗಿ ಒಂದೇ: ರಾತ್ರಿಯ ಅನ್ನ ಹೋಗಿ ಚಪಾತಿ ಬರುತ್ತದೆ. ಆಮೇಲೆ ಸಲಹೆಗಳ ಸುರಿಮಳೆ. ಒಬ್ಬರು ರಾಗಿ ಮುದ್ದೆ ಎಂದರೆ ಇನ್ನೊಬ್ಬರು ಧಾನ್ಯವನ್ನೇ ಮುಟ್ಟಬೇಡಿ ಎನ್ನುತ್ತಾರೆ. ತುಪ್ಪ ವಿಷವೆಂದವರ ಬೆನ್ನಿಗೇ ತುಪ್ಪವೇ ಮದ್ದೆನ್ನುವವರು ಬರುತ್ತಾರೆ. ವೈದ್ಯರಿಗೇ ತಲೆಬುಡ ಗೊತ್ತಿಲ್ಲವೆಂದು ಕೈಚೆಲ್ಲುವುದು ಸುಲಭ. ಆದರೆ ಸಂಶೋಧನೆಗಳನ್ನು ಸಾಲಾಗಿಟ್ಟು ನೋಡಿದರೆ ಜಗಳ ಕಾಣುವಷ್ಟು ದೊಡ್ಡದಲ್ಲ. ಏನು ಬಿಡಬೇಕೆಂದು ವಾದಿಸುವವರು ಅದರ ಜಾಗಕ್ಕೆ ಏನು ಬಂತೆಂದು ಕೇಳುವುದಿಲ್ಲ. ಗೊಂದಲ ಹುಟ್ಟುವುದು ಅಲ್ಲೇ.

ಊಟದ ಸಲಹೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಇನ್ಸುಲಿನ್ ಸಿಗುವ ಮುನ್ನ ಅಮೆರಿಕದ ವೈದ್ಯ ಫ್ರೆಡರಿಕ್ ಅಲೆನ್ ರೋಗಿಗಳನ್ನು ಹೆಚ್ಚುಕಡಿಮೆ ಉಪವಾಸವಿಟ್ಟು ಉಳಿಸಿಕೊಳ್ಳುತ್ತಿದ್ದರು. 1970ರ ದಶಕದ ನಂತರ ಹೃದ್ರೋಗದ ಭಯದಲ್ಲಿ ಕೊಬ್ಬು ಖಳನಾಯಿತು, ಪಿಷ್ಟಕ್ಕೆ ಮತ್ತೆ ಬಾಗಿಲು ತೆರೆಯಿತು. ಊಟ, ವ್ಯಾಯಾಮಗಳಿಂದ ಕಾಯಿಲೆಯನ್ನೇ ತಡೆಯಬಹುದೇ ಎಂಬುದಕ್ಕೆ ಗಟ್ಟಿ ಉತ್ತರ ಬಂದದ್ದು ಇನ್ನೂ ತಡವಾಗಿ. 2002ರ ಅಮೆರಿಕದ ಪ್ರಯೋಗದಲ್ಲಿ ಅಪಾಯ ಶೇ. 58ರಷ್ಟು ತಗ್ಗಿತು, ಚೆನ್ನೈನ ರಾಮಚಂದ್ರನ್ ತಂಡದ 2006ರ ಪ್ರಯೋಗದಲ್ಲಿ ಶೇ. 28.5ರಷ್ಟು ಮಾತ್ರ. ಅಲ್ಲಿಯವರಿಗೆ ಇಳಿಸಲು ತೂಕವಿತ್ತು, ನಮ್ಮವರಲ್ಲಿ ಅನೇಕರಿಗೆ ಅಷ್ಟಿರಲಿಲ್ಲ. ತೂಕ ಕಡಿಮೆಯೆಂದರೆ ಕೊಬ್ಬೂ ಕಡಿಮೆಯೆಂದಲ್ಲ. ಪುಣೆಯ ಸಂಶೋಧಕ ಯಾಜ್ಞಿಕ್ ಮತ್ತು ಲಂಡನ್ನಿನ ಸಂಶೋಧಕ ಯುಡ್ಕಿನ್ 2004ರಲ್ಲಿ ತಮ್ಮದೇ ಮೈಯನ್ನು ಅಳೆದು ತೋರಿಸಿದರು: ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3, ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಇಂಥ ಪುರಾವೆಗಳ ಮೇಲೆಯೇ ದೆಹಲಿಯ ವೈದ್ಯ ಅನೂಪ್ ಮಿಶ್ರಾ ಮುಂದಾಳುತನದ 2009ರ ಭಾರತೀಯ ಮಾರ್ಗಸೂಚಿ ಅಧಿಕ ತೂಕದ ಗೆರೆಯನ್ನು ಬಿಎಂಐ 23ಕ್ಕೆ ಇಳಿಸಿತು, ದಿನಕ್ಕೆ 60 ನಿಮಿಷ ಮೈ ದಣಿಸಿ ಎಂದಿತು. ವಾರಕ್ಕೆ 150 ನಿಮಿಷ ಸಾಕೆನ್ನುವ ಸಲಹೆಯೊಂದಿಗೆ ಇದು ಹೊಂದದಿರುವುದಕ್ಕೆ ಕಾರಣ ನಮ್ಮ ಮೈಕಟ್ಟು.

ಚಪಾತಿಯ ವಿಷಯಕ್ಕೆ ಬರೋಣ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ. 62 ಪಿಷ್ಟದ್ದು, ದಕ್ಷಿಣದಲ್ಲಿ ಅನ್ನ, ಉತ್ತರದಲ್ಲಿ ಗೋಧಿ. ಅಕ್ಕಿ ಬಿಟ್ಟು ಗೋಧಿಗೋ ಸಿರಿಧಾನ್ಯಕ್ಕೋ ಹೋದ ಮಾತ್ರಕ್ಕೆ ಅಪಾಯ ಇಳಿಯದು, ದಿನದ ಒಟ್ಟು ಕ್ಯಾಲೊರಿಯ ಶೇ. 5ರಷ್ಟು ಪಿಷ್ಟದ ಜಾಗಕ್ಕೆ ಕಾಳು-ಬೇಳೆಯ ಅಥವಾ ಹಾಲು-ಮೊಸರಿನ ಪ್ರೋಟೀನ್ ಬಂದರೆ ಇಳಿಯುತ್ತದೆ. ಇದು ಅಡುಗೆಮನೆಯ ಲೆಕ್ಕಕ್ಕೂ ಹೊಂದುತ್ತದೆ: ತಲಾ ಮೂವತ್ತು ಗ್ರಾಂ ಹಿಟ್ಟಿನ ಎರಡು ಚಪಾತಿಯ ಪಿಷ್ಟ ಒಂದು ಬಟ್ಟಲು ಅನ್ನದ್ದಕ್ಕೆ ಹೆಚ್ಚುಕಡಿಮೆ ಸಮ. ಬೇಳೆಯಲ್ಲೂ ಪಿಷ್ಟವಿಲ್ಲವೇ ಎಂದು ಕೇಳಬಹುದು. ಇದೆ, ಜೊತೆಗೆ ಶೇ. 20ಕ್ಕೂ ಮಿಕ್ಕಿ ಪ್ರೋಟೀನೂ ಇದೆ; ತಿಳಿ ಸಾರು ಮಾತ್ರ ಈ ಲೆಕ್ಕಕ್ಕೆ ಬರದು. ಹಾಗಾದರೆ ಧಾನ್ಯವನ್ನು ಪೂರಾ ಬಿಟ್ಟರೆ? ಮೊದಲ ಆರು ತಿಂಗಳು ಸಕ್ಕರೆ ಚೆನ್ನಾಗಿ ಇಳಿಯುತ್ತದೆ, ವರ್ಷ ಕಳೆಯುವಷ್ಟರಲ್ಲಿ ಆ ಮುನ್ನಡೆ ಬಹುಮಟ್ಟಿಗೆ ಕರಗುತ್ತದೆ; ಕಟ್ಟುನಿಟ್ಟನ್ನು ಹೆಚ್ಚಿನವರು ಅಷ್ಟು ದಿನ ಪಾಲಿಸಲಾರರು.

ದೆಹಲಿಯಲ್ಲಿ ವ್ಯಾಯಾಮದ ಸಲಹೆಗೆ ಇನ್ನೊಂದು ತೊಡಕಿದೆ. ದೆಹಲಿ ಮತ್ತು ಚೆನ್ನೈನ ಸುಮಾರು 12,000 ಜನರನ್ನು 2010ರಿಂದ ಗಮನಿಸಿದ ಅಧ್ಯಯನವು ಗಾಳಿಯ ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೂ ಮಧುಮೇಹಕ್ಕೂ ನಂಟಿರುವುದನ್ನು 2023ರಲ್ಲಿ ವರದಿ ಮಾಡಿತು. ಬೆಳಗಿನ ವಾಕಿಂಗ್ ಮಾಡಿ ಎನ್ನುವ ವೈದ್ಯರೇ ಗಾಳಿ ಕೆಡುವ ನವೆಂಬರಿನಲ್ಲಿ ಹೊರಗೆ ಹೋಗಬೇಡಿ ಎನ್ನುತ್ತಾರೆ. ವ್ಯಾಯಾಮವೆಂದರೆ ಲೋಧಿ ಉದ್ಯಾನದ ಸುತ್ತು ಎಂದುಕೊಂಡವರಿಗೆ ಇದು ವಿರೋಧಾಭಾಸದಂತೆ ಕಂಡೀತು. ಆದರೆ ವ್ಯಾಯಾಮಕ್ಕೆ ಹೊರಗೇ ಹೋಗಬೇಕೆಂದಿಲ್ಲ. ಮಿಶ್ರಾ ತಂಡದ 2008ರ ಅಧ್ಯಯನದಲ್ಲಿ ಮೂವತ್ತು ರೋಗಿಗಳು ಮೂರು ತಿಂಗಳು ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದಾಗ ಸಕ್ಕರೆಯೂ ಇನ್ಸುಲಿನ್‌ಗೆ ಮೈ ಸ್ಪಂದಿಸುವ ರೀತಿಯೂ ಸುಧಾರಿಸಿದವು. ಸಣ್ಣ ಪ್ರಯೋಗ ನಿಜ, ಆದರೆ ಅದಕ್ಕೆ ಒಳಾಂಗಣ ಸಾಕು. 2016ರ ನ್ಯೂಜಿಲೆಂಡ್ ಅಧ್ಯಯನದಲ್ಲಿ ಪ್ರತಿ ಊಟದ ನಂತರ ಹತ್ತು ನಿಮಿಷ ನಡೆದವರ ಸಕ್ಕರೆ, ದಿನದಲ್ಲಿ ಯಾವಾಗಲೋ ಒಮ್ಮೆ ಅರ್ಧ ಗಂಟೆ ನಡೆದಾಗಿನದಕ್ಕಿಂತ ಕಡಿಮೆ ಏರಿತು. ಹೊಗೆ ಕವಿದ ದಿನಗಳಲ್ಲಿ ಊಟವಾದ ಮೇಲೆ ಮನೆಯೊಳಗೇ ಹತ್ತು ನಿಮಿಷ ಓಡಾಡಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ ಇಳಿಸುವ ಮುನ್ನ ವೈದ್ಯರನ್ನು ಕೇಳಿ ಡೋಸ್ ಸರಿಪಡಿಸಿಕೊಳ್ಳಿ. ಇಲ್ಲವಾದರೆ ಸಕ್ಕರೆ ದಿಢೀರನೆ ಕುಸಿಯಬಹುದು.