ಕೊಡವ ಕೌಟುಂಬಿಕ ಹಾಕಿ ಉತ್ಸವ

ಕೊಡವ ಕೌಟುಂಬಿಕ ಹಾಕಿ ಉತ್ಸವವು ಕೊಡಗು ಜಿಲ್ಲೆಯಲ್ಲಿ ಬೇಸಿಗೆಯ ಹೊತ್ತಿಗೆ ನಡೆಯುವ ಹಾಕಿ ಪಂದ್ಯಾವಳಿ. ಇದರಲ್ಲಿ ಆಡುವುದು ಕ್ಲಬ್ಬುಗಳಾಗಲಿ, ಊರುಗಳ ತಂಡಗಳಾಗಲಿ ಅಲ್ಲ. ಕೊಡವ ಸಮುದಾಯದ ಒಕ್ಕಗಳು, ಅಂದರೆ ಒಂದೇ ಮನೆತನದ ಹೆಸರು ಹೊತ್ತ ಕುಟುಂಬಗಳು. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಉತ್ಸವ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳನ್ನು ಕಣಕ್ಕಿಳಿಸಿ ಗಿನ್ನೆಸ್ ವಿಶ್ವ ದಾಖಲೆಗೆ ಸೇರಿತು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್ಪಿಗೆ ಅದೇ ಕುಟುಂಬದ ಹೆಸರು.

ಹಿನ್ನೆಲೆ

ಕೊಡಗು ಕರ್ನಾಟಕದಲ್ಲಿ ಅತಿ ಕಡಿಮೆ ಜನಸಂಖ್ಯೆಯುಳ್ಳ ಜಿಲ್ಲೆ. 2011ರ ಜನಗಣತಿಯಂತೆ ಇಲ್ಲಿನ ಜನ 5,54,519. 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಈ ಪುಟ್ಟ ಸೀಮೆ ಭಾರತದ ಹಾಕಿಗೆ ಕೊಟ್ಟ ಆಟಗಾರರ ಪಟ್ಟಿ ಮಾತ್ರ ದೊಡ್ಡದು. ಮೊಳ್ಳೇರ ಪೂವಯ್ಯ ಗಣೇಶ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡಕ್ಕೆ ಅವರೇ ನಾಯಕ. ಮನೆಯಪಂಡ ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದವರು. ಗೋಲ್‌ಕೀಪರ್ ಅಂಜಪರವಂಡ ಸುಬ್ಬಯ್ಯ, ಅರ್ಜುನ್ ಹಾಲಪ್ಪ, ಸಣ್ಣುವಂಡ ಉತ್ತಪ್ಪ, ಚೇಂದಂಡ ನಿಕಿನ್ ತಿಮ್ಮಯ್ಯ ಇದೇ ಸಾಲಿಗೆ ಸೇರುತ್ತಾರೆ.

ಹಾಕಿ ಇಲ್ಲಿ ಕೊಡವರದಷ್ಟೇ ಆಟವಲ್ಲ. ಸೋಮವಾರಪೇಟೆಯ ಬಿ.ಪಿ. ಗೋವಿಂದ, ಅದೇ ಊರಿನ ಎಸ್.ವಿ. ಸುನಿಲ್, ಡ್ರ್ಯಾಗ್ ಫ್ಲಿಕ್‌ಗೆ ಹೆಸರಾದ ವಿ.ಆರ್. ರಘುನಾಥ್ ಜಿಲ್ಲೆಯ ಇತರ ಸಮುದಾಯಗಳಿಂದ ಬಂದ ಒಲಿಂಪಿಯನ್ನರು. ಪೊನ್ನಂಪೇಟೆಯ ಕ್ರೀಡಾ ವಸತಿನಿಲಯ ಮತ್ತು ಕೂಡಿಗೆಯ ಕ್ರೀಡಾಶಾಲೆ ಹಲವು ದಶಕಗಳಿಂದ ಎಲ್ಲ ಸಮುದಾಯಗಳ ಮಕ್ಕಳನ್ನೂ ಈ ಆಟಕ್ಕೆ ಸಜ್ಜುಗೊಳಿಸಿವೆ.

ಆಟ ಇಷ್ಟು ಆಳಕ್ಕೆ ಇಳಿಯಲು ಸೈನ್ಯದ ಸಂಬಂಧ ಮುಖ್ಯ ಕಾರಣ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಂದೇರ ಕಾರ್ಯಪ್ಪ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೊಡಂದೇರ ತಿಮ್ಮಯ್ಯ ಇಬ್ಬರೂ ಕೊಡಗಿನವರು. ಅನೇಕ ಕುಟುಂಬಗಳಿಂದ ಗಂಡಸರು ಪಲ್ಟನ್‌ಗೆ ಸೇರಿದರು. ರೆಜಿಮೆಂಟಿನ ಮೈದಾನದಲ್ಲಿ ಕಲಿತ ಹಾಕಿ, ರಜೆಗೆ ಬಂದಾಗ ಊರಿನ ಮೈದಾನಕ್ಕೂ ಬಂತು. ನಿವೃತ್ತರಾಗಿ ಮರಳಿದವರು ಮಕ್ಕಳ ಕೈಗೆ ಸ್ಟಿಕ್ ಕೊಟ್ಟರು. ಶಾಲೆಗಳೂ ಅದನ್ನು ಮುಂದುವರಿಸಿದವು.

ಒಕ್ಕ ಎಂಬ ಘಟಕ

ಉತ್ಸವವನ್ನು ಅರಿಯಲು ಒಕ್ಕವನ್ನು ಅರಿಯಬೇಕು. ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಿಂದ ಬಂದ ಎಲ್ಲ ವಂಶಜರೂ ಸೇರಿ ಒಂದು ಒಕ್ಕ. ಮೂಲಪುರುಷನನ್ನು ಗುರುಕಾರೋಣ ಎಂದು ಪೂಜಿಸುತ್ತಾರೆ. ಒಕ್ಕದ ಮೂಲ ಮನೆ ಐನ್‌ಮನೆ, ಹಿರಿಯನೇ ಪಟ್ಟೆದಾರ. ಹೆಸರು ಹೇಳುವಾಗ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಒಂದೇ ಮನೆತನದ ಹೆಸರು ಬೇರೆ ಬೇರೆ ಗ್ರಾಮಗಳಲ್ಲಿ ಬೇರೆ ಒಕ್ಕಗಳಿಗೂ ಇರುವುದರಿಂದ, ಉತ್ಸವದ ಪಟ್ಟಿಯಲ್ಲಿ 'ಕುಪ್ಪಂಡ (ಕೈಕೇರಿ)' ಎಂಬಂತೆ ಊರಿನ ಹೆಸರನ್ನೂ ಕೂಡಿಸಿ ಬರೆಯುವುದುಂಟು.

ಹಿಂದೆ ಐನ್‌ಮನೆಯಲ್ಲಿ ಹಲವು ತಲೆಮಾರು ಒಟ್ಟಿಗೆ ಬದುಕುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಆಸ್ತಿ ಪಾಲಾಯಿತು, ಉದ್ಯೋಗ ಅರಸಿ ಜನ ಮೈಸೂರು, ಬೆಂಗಳೂರು, ಹೊರರಾಜ್ಯ, ಹೊರದೇಶಗಳಿಗೆ ಹೋದರು. ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ, ಪುತ್ತರಿ ಹಬ್ಬಗಳಿಗೆ ಊರಿಗೆ ಬರುವವರೂ ಕಡಿಮೆಯಾದರು. ಒಂದೇ ಒಕ್ಕದ ಎಳೆಯರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲದ ಸ್ಥಿತಿ ಬಂತು. ಉತ್ಸವ ಹುಟ್ಟಿದ್ದು ಈ ಕೊರತೆಯನ್ನು ತುಂಬಲು.

ಆರಂಭ

ಉತ್ಸವದ ಕಲ್ಪನೆ ಪಾಂಡಂಡ ಕುಟ್ಟಪ್ಪ ಅವರದು. ಜನ ಅವರನ್ನು ಕುಟ್ಟಣಿ ಎಂದೇ ಕರೆಯುತ್ತಿದ್ದರು. ಬ್ಯಾಂಕ್ ಉದ್ಯೋಗದಿಂದ ನಿವೃತ್ತರಾಗಿದ್ದ ಅವರು ಹಾಕಿ ಆಡಿದವರು, ತೀರ್ಪುಗಾರರಾಗಿಯೂ ದುಡಿದವರು. ಸಹೋದರ ಕಾಶಿ ಅವರ ನೆರವಿನೊಂದಿಗೆ, ಚದುರಿದ ಕುಟುಂಬಗಳನ್ನು ಒಂದೆಡೆ ಸೇರಿಸಲು ಎಲ್ಲರಿಗೂ ಪ್ರಿಯವಾದ ಆಟವನ್ನೇ ಆರಿಸಿಕೊಂಡರು. 1997ರ ಮೊದಲ ಉತ್ಸವಕ್ಕೆ ಅವರ ಮನೆತನವೇ ಆತಿಥ್ಯ ವಹಿಸಿತು. ಹೀಗೆ ಮೊದಲ ಕಪ್ 'ಪಾಂಡಂಡ ಕಪ್' ಆಯಿತು. ಮರುವರ್ಷ ಕೋಡಿರ ಕುಟುಂಬ ಹೊಣೆ ಹೊತ್ತಿತು, 1999ರಲ್ಲಿ ಬಲ್ಲಚಂಡ ಕುಟುಂಬ. ಅಲ್ಲಿಂದ ಮುಂದೆ ಆತಿಥ್ಯ ಮನೆಯಿಂದ ಮನೆಗೆ ಸಾಗಿತು. ಉತ್ಸವದ ಮೇಲ್ವಿಚಾರಣೆಗೆ ಕೊಡವ ಹಾಕಿ ಅಕಾಡೆಮಿ ರೂಪುಗೊಂಡಿತು. ತಂಡಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿ ಲಿಮ್ಕಾ ದಾಖಲೆಗಳ ಪುಸ್ತಕ ಇದನ್ನು ಗುರುತಿಸಿತು. ಕುಟ್ಟಪ್ಪ 2020ರಲ್ಲಿ ತೀರಿಕೊಂಡರು.

ಒಂದು ವರ್ಷದ ಉತ್ಸವ ನಡೆಯುವ ಬಗೆ

ಸಾಮಾನ್ಯವಾಗಿ ಮಾರ್ಚ್ ಮತ್ತು ಮೇ ನಡುವೆ ಉತ್ಸವ ನಡೆಯುತ್ತದೆ. ಈ ಕಾಲದ ಆಯ್ಕೆಗೆ ಕೊಡಗಿನ ಬದುಕೇ ಕಾರಣ. ಅಷ್ಟರಲ್ಲಿ ಕಾಫಿ ಕುಯ್ಲು ಬಹುಪಾಲು ಮುಗಿದಿರುತ್ತದೆ, ಶಾಲೆಗಳಿಗೆ ರಜೆ ಬರುತ್ತದೆ, ಹೊರಗಿರುವವರು ರಜೆ ಹೊಂದಿಸಿಕೊಂಡು ಊರಿಗೆ ಬರಬಲ್ಲರು. ಜೂನ್ ಬಂತೆಂದರೆ ಮುಂಗಾರು ಮೈದಾನವನ್ನು ಬಿಡುವುದಿಲ್ಲ. ಕಾಫಿ ಹೂವಿಗೆ ಬೇಕಾದ ಬೇಸಿಗೆ ಮಳೆ ಕೆಲವೊಮ್ಮೆ ಪಂದ್ಯವನ್ನು ನಿಲ್ಲಿಸುವುದುಂಟು. ಬೆಳೆಗಾರರೂ ಆಗಿರುವ ಪ್ರೇಕ್ಷಕರು ಆ ಮಳೆಗೆ ಬೇಸರಿಸುವುದಿಲ್ಲ.

ಪಂದ್ಯಗಳು ನಾಕೌಟ್ ಮಾದರಿಯವು. ಸೋತ ತಂಡ ಆ ವರ್ಷಕ್ಕೆ ಹೊರಗೆ. 360 ತಂಡಗಳಿದ್ದರೆ ಒಬ್ಬರೇ ಉಳಿಯಲು 359 ತಂಡಗಳು ಹೊರಹೋಗಬೇಕು, ಅಂದರೆ ಬಹುತೇಕ ಅಷ್ಟೇ ಪಂದ್ಯಗಳು. ಅವನ್ನು ಒಂದು ತಿಂಗಳಲ್ಲಿ ಮುಗಿಸಲು ದಿನಕ್ಕೆ ಸರಾಸರಿ ಹನ್ನೆರಡು ಪಂದ್ಯ ಬೇಕು. ಆದ್ದರಿಂದಲೇ ಒಂದಕ್ಕಿಂತ ಹೆಚ್ಚು ಮೈದಾನಗಳನ್ನು ಅಕ್ಕಪಕ್ಕದಲ್ಲಿ ಸಿದ್ಧಪಡಿಸಿ ಬೆಳಗಿನಿಂದ ಸಂಜೆವರೆಗೆ ಆಡಿಸಲಾಗುತ್ತದೆ. ತೀರ್ಪುಗಾರರು, ತಾಂತ್ರಿಕ ಸಮಿತಿ, ವೀಕ್ಷಕ ವಿವರಣೆಗಾರರು ತಿಂಗಳುದ್ದಕ್ಕೂ ದುಡಿಯುತ್ತಾರೆ. ಕೊಡವ ಭಾಷೆಯ ವೀಕ್ಷಕ ವಿವರಣೆ ಉತ್ಸವದ ಗುರುತುಗಳಲ್ಲೊಂದು.

ಉದ್ಘಾಟನೆಯಲ್ಲಿ ಕೊಡವ ಪದ್ಧತಿ ಎದ್ದು ಕಾಣುತ್ತದೆ. ಗಂಡಸರು ನಿಲುವಂಗಿಯಾದ ಕುಪ್ಯ, ನಡುಪಟ್ಟಿಯಾದ ಚೇಲೆ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡು ಬರುತ್ತಾರೆ. ಹೆಂಗಸರದು ಕೊಡವ ಶೈಲಿಯ ಸೀರೆ. ವಾಲಗ ಮೊಳಗುತ್ತದೆ, ಬಂದೂಕಿನಿಂದ ಗಾಳಿಯಲ್ಲಿ ಗುಂಡು ಹಾರಿಸಲಾಗುತ್ತದೆ. ಆತಿಥೇಯ ಕುಟುಂಬದ ಹಿರಿಯರು ಗುರುಕಾರೋಣರನ್ನು ನೆನೆದು ಕಾರ್ಯ ಆರಂಭಿಸುತ್ತಾರೆ.

ಆತಿಥ್ಯದ ಹೊಣೆ

ಆತಿಥ್ಯ ವಹಿಸುವ ಕುಟುಂಬದ ಸಿದ್ಧತೆ ಬಹಳ ಮೊದಲೇ ಆರಂಭವಾಗುತ್ತದೆ. ಮೈದಾನ ಸಮತಟ್ಟು ಮಾಡುವುದು, ಪ್ರೇಕ್ಷಕರಿಗೆ ಗ್ಯಾಲರಿ ಕಟ್ಟುವುದು, ಊಟ, ನೀರು, ವಾಹನ ನಿಲುಗಡೆ, ವೈದ್ಯಕೀಯ ನೆರವು ಇವೆಲ್ಲ ಅವರ ಮೇಲೆಯೇ. ರಾಜ್ಯ ಸರ್ಕಾರ ಅನುದಾನ ಕೊಡುತ್ತದೆ, ದಾನಿಗಳು ನೆರವಾಗುತ್ತಾರೆ. ಉಳಿದ ಹಣವನ್ನು ಒಕ್ಕದವರೇ ಸೇರಿಸಬೇಕು. ತಂಡಗಳ ಸಂಖ್ಯೆ 60ರಿಂದ 360ನ್ನು ದಾಟಿದಂತೆ ಖರ್ಚೂ ಬೆಳೆದಿದೆ. ಇಷ್ಟಾದರೂ ಮುಂದಿನ ವರ್ಷಗಳ ಆತಿಥ್ಯಕ್ಕೆ ಕುಟುಂಬಗಳು ಮುಂದೆ ಬರುತ್ತಿರುವುದು ಉತ್ಸವದ ಜೀವಂತಿಕೆಗೆ ಸಾಕ್ಷಿ. ದೇಶವಿದೇಶಗಳಲ್ಲಿರುವ ಒಕ್ಕದ ಸದಸ್ಯರನ್ನು ಹುಡುಕಿ, ಪಟ್ಟಿ ಮಾಡಿ, ಕೆಲಸ ಹಂಚುವಾಗಲೇ ಕುಟುಂಬ ಅರ್ಧ ಒಂದಾಗಿರುತ್ತದೆ.

ಆಟಗಾರರು

ತಂಡಕ್ಕೆ ಸೇರಲು ಬೇಕಾದ ಅರ್ಹತೆ ಒಕ್ಕದ ಸಂಬಂಧ ಮಾತ್ರ. ವಯಸ್ಸಿನ ಮಿತಿಯಿಲ್ಲ. ಭಾರತ ತಂಡದ ಆಟಗಾರ, ಶಾಲೆಗೆ ಹೋಗುವ ಹುಡುಗ, ನಿವೃತ್ತ ಸೈನಿಕ ಒಂದೇ ತಂಡದಲ್ಲಿ ಆಡಬಹುದು. ತಂದೆ ಮಕ್ಕಳು, ಅಜ್ಜ ಮೊಮ್ಮಕ್ಕಳು ಜೊತೆಯಾಗಿ ಆಡಿದ್ದುಂಟು. ಹೆಂಗಸರು ಗಂಡಸರೊಂದಿಗೆ ಅದೇ ತಂಡದಲ್ಲಿ ಆಡುತ್ತಾರೆ. ಈ ಮಟ್ಟದ ಹಾಕಿ ಪಂದ್ಯಾವಳಿಗಳಲ್ಲಿ ಇದು ಅಪರೂಪ.

ಹೀಗಾಗಿ ಆಟದ ಮಟ್ಟ ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ಆರಂಭದ ಸುತ್ತುಗಳಲ್ಲಿ ಹನ್ನೊಂದು ಮಂದಿಯನ್ನು ಸೇರಿಸುವುದೇ ಸಣ್ಣ ಒಕ್ಕಗಳಿಗೆ ಸಾಧನೆ. ಕ್ವಾರ್ಟರ್ ಫೈನಲ್ ಹೊತ್ತಿಗೆ ರೈಲ್ವೆ, ಸೇನೆ, ಬ್ಯಾಂಕ್, ತೈಲ ಕಂಪನಿಗಳ ತಂಡಗಳಲ್ಲಿ ಆಡುವವರು ಎದುರಾಗುತ್ತಾರೆ. ಆಟ ರಾಷ್ಟ್ರಮಟ್ಟಕ್ಕೆ ಏರುತ್ತದೆ. ಎಳೆಯರಿಗೆ ಇದು ದೊಡ್ಡ ಪಾಠಶಾಲೆ. ಟಿವಿಯಲ್ಲಿ ಕಂಡ ಒಲಿಂಪಿಯನ್‌ನ ಎದುರು ಹದಿನಾಲ್ಕರ ಹುಡುಗ ನಿಂತು ಚೆಂಡು ಕಸಿಯಲು ಯತ್ನಿಸುವ ಅವಕಾಶ ಬೇರೆಲ್ಲಿ ಸಿಕ್ಕೀತು?

ನಿಂತ ವರ್ಷಗಳು, ಮರಳಿದ ವರ್ಷಗಳು

1997ರಿಂದ 2018ರವರೆಗೆ ಉತ್ಸವ ಸತತವಾಗಿ ನಡೆಯಿತು. 2017ರ ಬಿದ್ದಾಟಂಡ ಕಪ್‌ನಲ್ಲಿ 306 ತಂಡಗಳು ಹೆಸರು ನೋಂದಾಯಿಸಿದ್ದವು. 2018ರಲ್ಲಿ ಕುಲ್ಲೇಟಿರ ಕುಟುಂಬ ನಾಪೋಕ್ಲುವಿನಲ್ಲಿ ಆತಿಥ್ಯ ವಹಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸುರಿದ ಮಹಾಮಳೆಗೆ ಜೋಡುಪಾಲ, ಮಕ್ಕಂದೂರು ಮೊದಲಾದೆಡೆ ಬೆಟ್ಟಗಳೇ ಕುಸಿದವು. ಜೀವಗಳು ಹೋದವು, ಮನೆ, ತೋಟ, ಗದ್ದೆಗಳು ಮಣ್ಣಿನಡಿ ಸೇರಿದವು. ಸಂಕಟದ ನಡುವೆ 2019ರಲ್ಲಿ ಉತ್ಸವ ಎಂದಿನ ಸ್ವರೂಪದಲ್ಲಿ ನಡೆಯಲಿಲ್ಲ. ಮುಂದೆ ಕೊರೊನಾ ಸಾಂಕ್ರಾಮಿಕ ಬಂತು.

2023ರ ಮಾರ್ಚ್‌ನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ ಉತ್ಸವ ಮರಳಿತು. 336 ಕುಟುಂಬಗಳು ಬಂದವು. ಇಷ್ಟು ದೀರ್ಘ ವಿರಾಮದ ನಂತರವೂ ಸಂಖ್ಯೆ ಕುಗ್ಗದೆ ಏರಿದ್ದು ಜನ ಅದಕ್ಕಾಗಿ ಕಾದಿದ್ದರೆಂಬುದನ್ನು ತೋರಿಸಿತು.

2024ರ ಕುಂಡ್ಯೋಳಂಡ ಕಪ್

ಇಪ್ಪತ್ತನಾಲ್ಕನೆಯ ಉತ್ಸವವಾದ ಕುಂಡ್ಯೋಳಂಡ ಕಪ್ 2024ರ ಮಾರ್ಚ್ 30ರಿಂದ ಏಪ್ರಿಲ್ 28ರವರೆಗೆ ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ ನಡೆಯಿತು. 360 ಕುಟುಂಬಗಳ 4,800ಕ್ಕೂ ಹೆಚ್ಚು ಆಟಗಾರರು ಪಾಲ್ಗೊಂಡರು. ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂದು ಗಿನ್ನೆಸ್ ಸಂಸ್ಥೆ ಮಾನ್ಯ ಮಾಡಿದ್ದು ಈ ಆವೃತ್ತಿಯನ್ನು. ದಾಖಲೆಗಾಗಿ ಪ್ರತಿ ತಂಡ, ಪ್ರತಿ ಆಟಗಾರನ ಲೆಕ್ಕವನ್ನು ಕ್ರಮವಾಗಿ ಇಡಬೇಕಿತ್ತು. ವೃತ್ತಿಪರ ಸಂಘಟಕರಿಲ್ಲದೆ, ಕಾವೇರಿ ಕಣಿವೆಯ ಒಂದು ಸಣ್ಣ ಪೇಟೆಯಲ್ಲಿ, ಒಂದು ಮನೆತನ ಈ ಕೆಲಸ ಮಾಡಿತು. ಮರುವರ್ಷ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್ ಉತ್ಸವದ ಬೆಳ್ಳಿಹಬ್ಬ. ಅಲ್ಲಿ ತಂಡಗಳ ಸಂಖ್ಯೆ 396ಕ್ಕೆ ಮುಟ್ಟಿತು.

ವೃತ್ತಿಪರ ಲೀಗ್‌ಗಳೊಂದಿಗೆ ಹೋಲಿಕೆ

2008ರಲ್ಲಿ ಐಪಿಎಲ್ ಬಂದ ಮೇಲೆ ಭಾರತದಲ್ಲಿ ಆಟಗಳು ಒಂದೊಂದಾಗಿ ನಗರಗಳ ಹೆಸರಿನ ತಂಡಗಳ ಲೀಗ್‌ಗಳಾದವು. 2013ರಲ್ಲಿ ಹಾಕಿ ಇಂಡಿಯಾ ಲೀಗ್, 2014ರಲ್ಲಿ ಪ್ರೊ ಕಬಡ್ಡಿ, 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಆರಂಭವಾದವು. ಇಂಥ ಲೀಗ್‌ಗಳಲ್ಲಿ ಆಟಗಾರನನ್ನು ಹಣ ಕೊಟ್ಟು ತಂಡಕ್ಕೆ ತರುತ್ತಾರೆ; ಮುಂದಿನ ವರ್ಷ ಆತ ಎದುರಾಳಿ ತಂಡದಲ್ಲಿರಬಹುದು. ಕೌಟುಂಬಿಕ ಹಾಕಿಯಲ್ಲಿ ವರ್ಗಾವಣೆ ಎಂಬುದಿಲ್ಲ. ಮನೆತನವೇ ತಂಡ.

ಹಣದ ಕೊರತೆಯಿಂದ ಹಾಕಿ ಇಂಡಿಯಾ ಲೀಗ್ 2017ರ ನಂತರ ಹಲವು ವರ್ಷ ನಿಂತು, 2024ರ ಡಿಸೆಂಬರ್‌ನಲ್ಲಷ್ಟೇ ಮತ್ತೆ ಆರಂಭವಾಯಿತು. ಕೌಟುಂಬಿಕ ಉತ್ಸವವನ್ನು ನಿಲ್ಲಿಸಿದ್ದು ಪ್ರಕೃತಿ ವಿಕೋಪ ಮತ್ತು ಸಾಂಕ್ರಾಮಿಕ ಮಾತ್ರ.

ಪ್ರಭಾವ

ಉತ್ಸವದ ಮಾದರಿ ಇತರ ಸಮುದಾಯಗಳಿಗೂ ಪ್ರೇರಣೆಯಾಯಿತು. ಕೊಡಗಿನ ಅರೆಭಾಷೆ ಗೌಡ ಕುಟುಂಬಗಳು ಕ್ರಿಕೆಟ್ ಪಂದ್ಯಾವಳಿ ನಡೆಸುತ್ತವೆ. ಕೊಡವ ಕುಟುಂಬಗಳ ನಡುವೆ ಕ್ರಿಕೆಟ್ ಕೂಡ ನಡೆಯುತ್ತದೆ. ಉತ್ಸವದ ಮೈದಾನ ನೆಂಟಸ್ತಿಕೆ ಕುದುರುವ ಜಾಗವೂ ಹೌದು. ಒಂದೇ ಒಕ್ಕದೊಳಗೆ ಮದುವೆ ಇಲ್ಲದ್ದರಿಂದ ನೂರಾರು ಒಕ್ಕಗಳು ಕೂಡುವ ಈ ತಿಂಗಳು ಹಿರಿಯರಿಗೆ ಅನುಕೂಲ. ಆತಿಥ್ಯದ ಊರಿನ ಹೋಟೆಲು, ಅಂಗಡಿ, ಹೋಂಸ್ಟೇಗಳಿಗೆ ಒಳ್ಳೆಯ ವ್ಯಾಪಾರವಾಗುತ್ತದೆ.

ಸವಾಲುಗಳು

ಅಂತರರಾಷ್ಟ್ರೀಯ ಹಾಕಿ ಇಂದು ಪೂರ್ತಿ ಕೃತಕ ಹಾಸಿನ ಮೇಲೆ ನಡೆಯುತ್ತದೆ. ಉತ್ಸವದ ಬಹುಪಾಲು ಪಂದ್ಯಗಳು ಮಣ್ಣು, ಹುಲ್ಲಿನ ಮೈದಾನಗಳಲ್ಲಿ. ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆ, ಕೂಡಿಗೆಗಳಲ್ಲಿ ಟರ್ಫ್ ಇದ್ದರೂ ಇಷ್ಟೊಂದು ತಂಡಗಳನ್ನು ಒಂದೇ ಟರ್ಫ್‌ನಲ್ಲಿ ಆಡಿಸಲಾಗದು. ಇದಕ್ಕಿಂತ ದೊಡ್ಡದು ವೆಚ್ಚದ ಪ್ರಶ್ನೆ. ದೊಡ್ಡ ಒಕ್ಕಗಳು ಹೊರಬಲ್ಲ ಭಾರವನ್ನು ಸಣ್ಣ ಒಕ್ಕಗಳು ಹೊರಲಾರವು. ಆತಿಥ್ಯ ಸಿರಿವಂತ ಮನೆತನಗಳ ಪಾಲಿಗೇ ಉಳಿದರೆ ಉತ್ಸವದ ಮೂಲ ಆಶಯಕ್ಕೆ ಪೆಟ್ಟು ಬೀಳುತ್ತದೆ. ಆಡಂಬರ ತಗ್ಗಿಸಿ, ಸ್ಥಿರವಾದ ಮೈದಾನಗಳನ್ನು ರೂಪಿಸಿದರೆ ಎಲ್ಲ ಒಕ್ಕಗಳಿಗೂ ಸರದಿ ಸಿಗುತ್ತದೆ.

ಕೌಟುಂಬಿಕ ಹಾಕಿಯ ಹಿರಿಮೆ ತಂಡಗಳ ಸಂಖ್ಯೆಯೊಂದರಲ್ಲೇ ಇಲ್ಲ. ಆಡುವವರಿಗೆ ಸಂಬಳವಿಲ್ಲದ, ಮನೆತನದ ಹೆಸರೇ ಬಹುಮಾನವಾದ ಪಂದ್ಯಾವಳಿಯೊಂದು ಇಪ್ಪತ್ತೈದು ಆವೃತ್ತಿಗಳನ್ನು ಮುಗಿಸಿ ಇನ್ನೂ ಬೆಳೆಯುತ್ತಿರುವುದು ಭಾರತದ ಕ್ರೀಡಾ ಚರಿತ್ರೆಯಲ್ಲಿ ದೊಡ್ಡ ಸಾಧನೆ.