ಬೆಂಗಳೂರಿನಲ್ಲಿ ಸೋತವರು ದೆಹಲಿಯಲ್ಲಿ ಗೆದ್ದರು

ಪಕ್ಷದೊಳಗೆ ಗೆದ್ದವರು ಹೊರಗೂ ಗೆಲ್ಲುತ್ತಾರೆಂಬ ನಿಯಮವೇನಿಲ್ಲ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ಸಂಸದೀಯ ಮಂಡಳಿಯು, ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ, ರಾಷ್ಟ್ರಪತಿ ಹುದ್ದೆಗೆ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಪಕ್ಷದ ಅಧ್ಯಕ್ಷರು ಕನ್ನಡಿಗರೇ ಆದ ಎಸ್. ನಿಜಲಿಂಗಪ್ಪ.

ಆದರೆ ರಾಷ್ಟ್ರಪತಿ ಚುನಾವಣೆಯ ಮತದಾನ ಗುಪ್ತವಾದುದು. ‘ಆತ್ಮಸಾಕ್ಷಿಯಂತೆ ಮತ ನೀಡಿ’ ಎಂಬ ಇಂದಿರಾ ಅವರ ಕರೆ ಫಲಿಸಿತು. ಆಗಸ್ಟ್‌ನಲ್ಲಿ ಪಕ್ಷೇತರ ಅಭ್ಯರ್ಥಿ ವಿ.ವಿ. ಗಿರಿ, ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ಬಳಿಕ, 14,650 ಮತಮೌಲ್ಯದ ಅಂತರದಿಂದ ಗೆದ್ದರು. ನವೆಂಬರ್‌ನಲ್ಲಿ ಪಕ್ಷವೇ ಒಡೆಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಂದಿರಾ ಅಧಿಕಾರ ಕಳೆದುಕೊಂಡ 1977ರಲ್ಲಿ ಅದೇ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಜುಲೈ 25ರಂದು ಅವರಿಗೆ ಹುದ್ದೆ ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ, ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಬಿ.ಡಿ. ಜತ್ತಿ. ತನ್ನವರನ್ನೇ ಒಪ್ಪಿಸಲಾಗದ ಬಹುಮತ ಪಕ್ಷವನ್ನು ಉಳಿಸಲಾರದು ಎಂಬುದೇ ಬೆಂಗಳೂರಿನ ಆ ನಿರ್ಧಾರ ಕಲಿಸಿದ ಪಾಠ.